ಬೀಗ ಹಾಕಿದ ಮಾತು

ನಮ್ಮ ಊರಿನ ದನಕರುಗಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ತಲೆಗೆ ಹತ್ತುವುದಿಲ್ಲ. ಬೆಳಿಗ್ಗೆ ಊರ ಅಗಸೆಬಾಗಿಲು ತೆರೆದರೆ ಸಾಕು, ಆಕಳು, ಕುರಿ, ಮೇಕೆ, ಕತ್ತೆ, ಕುದುರೆ, ಬಾತುಕೋಳಿ ಎಲ್ಲವೂ ತಮ್ಮಷ್ಟಕ್ಕೆ ತಾವೇ ಹೊಳೆದಂಡೆಯ ಹುಲ್ಲುಗಾವಲಿಗೆ ಹೊರಡುತ್ತವೆ. ಹೋಗುವುದಕ್ಕೆ ಯಾರ ಮಾತೂ ಬೇಕಿಲ್ಲ, ಬರುವುದಕ್ಕೆ ಬೇಕು. ಸಂಜೆ ಒಂದೊಂದನ್ನೂ ಅದರದರ ಪದದಿಂದಲೇ ಕರೆಯಬೇಕು. ಹೆಣ್ಣಾದರೆ ಹೆಣ್ಣಿನ ಪದ, ಗಂಡಾದರೆ ಗಂಡಿನ ಪದ. ಕುರಿಗೆ ಯೂ ಎನ್ನಬೇಕು, ಟಗರಿಗೆ ರ‍್ಯಾಮ್. ಹೆಣ್ಣು ಕುದುರೆಗೆ ಮೇರ್, ಗಂಡಿಗೆ ಸ್ಟ್ಯಾಲಿಯನ್. ಪದ ತಪ್ಪಿತೋ, ನಿಂತಲ್ಲೇ ನಿಂತಿರುತ್ತವೆ. ಹಗ್ಗ ಹಾಕಿ ಎಳೆಯಿರಿ, ಹಿಂದಿನಿಂದ ನೂಕಿರಿ, ಬೆಲ್ಲ ತೋರಿಸಿ ಮುದ್ದು ಮಾಡಿರಿ, ಒಂದು ಗೊರಸೂ ಅಲುಗುವುದಿಲ್ಲ. ಅದಕ್ಕೇ ಊರ ನಡುವೆ ಇರುವ ಹುಡೇವಿನ, ಅಂದರೆ ಹಳೆಯ ಕಾವಲು ಗೋಪುರದ ಮೇಲೆ ನಿಂತು ಕೂಗುವುದಕ್ಕೆ ಸಂಬಳದ ಒಬ್ಬರನ್ನು ಇಟ್ಟಿದ್ದಾರೆ. ಹೋದ ವರ್ಷದಿಂದ ಆ ಒಬ್ಬರು ನಾನು.

ನನ್ನ ಹೆಸರು ತುಳಜವ್ವ. ಇಪ್ಪತ್ತೆರಡು ವರ್ಷ ದರ್ಜಿ ಅಂಗಡಿಯೊಂದರಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದೆ, ಗುಂಡಿ ಹಚ್ಚುತ್ತಿದ್ದೆ. ಹಚ್ಚಿದ ಪ್ರತಿ ಗುಂಡಿಯನ್ನೂ ಎರಡು ಸಲ ಎಳೆದು ನೋಡುವ ಚಾಳಿ ನನ್ನದು. ಮೂರನೇ ಸಲ ಎಳೆದಾಗ ಕೆಲವು ಕಿತ್ತು ಬಂದದ್ದೂ ಉಂಟು. ಅಂಗಡಿ ಮುಚ್ಚಿದ ಮೇಲೆ ಎಂಟು ವರ್ಷ ಸಂಜೆ ಶಾಲೆಗೆ ಹೋಗಿ ಫಿಲೋಮಿನಾ ಟೀಚರ್ ಹತ್ತಿರ ಇಂಗ್ಲಿಷ್ ಕಲಿತೆ. ಹಳೆಯ ಕೂಗುವವಳು ಬಸಲಿಂಗವ್ವನ ಗಂಟಲು ಪೂರ್ತಿ ಬಿದ್ದುಹೋದಾಗ, ಸಂಜೆ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಕೂತವಳು ನಾನೇ ಎಂಬ ಒಂದೇ ಕಾರಣಕ್ಕೆ ಊರ ಸಮಿತಿಯವರು ನನ್ನನ್ನು ಆರಿಸಿದರು. ಆರು ತಿಂಗಳು ತಾತ್ಕಾಲಿಕ. ತಪ್ಪಿಲ್ಲದೆ ನಡೆಸಿದರೆ ಖಾಯಂ. ಆ ಕಾಗದವನ್ನು ನಾನು ಮಡಿಸಿ ಮಡಿಸಿ ನೋಡಿದ್ದಕ್ಕೆ ‘ತಾತ್ಕಾಲಿಕ’ ಎಂಬ ಅಕ್ಷರಗಳು ಮಡಿಕೆಯಲ್ಲೇ ಅಳಿಸಿಹೋದವು. ಅದು ಒಳ್ಳೆಯ ಶಕುನವೋ ಕೆಟ್ಟದ್ದೋ ಎಂದು ಒಂದು ವಾರ ಯೋಚಿಸಿದೆ.

ಕೆಲಸ ಹೀಗೆ. ಐದು ಗಂಟೆಗೆ ಎಲ್ಲಕ್ಕಿಂತ ಮೊದಲು ಮರಿಗಳನ್ನು ಕರೆಯುತ್ತೇನೆ. ಮರಿಗಳ ಪದಗಳಿಗೆ ಹೆಣ್ಣು ಗಂಡು ಎಂಬುದಿಲ್ಲ. ಮೇಕೆಮರಿ ಯಾವುದೇ ಇರಲಿ ಕಿಡ್, ಕತ್ತೆಮರಿ ಯಾವುದೇ ಇರಲಿ ಫೋಲ್. ಅವುಗಳ ಹಿಂದೆಯೇ ಹೆಣ್ಣುಗಳು. ಆಮೇಲೆ ಅರ್ಧ ತಾಸು ಬಿಡುವು. ಐದೂವರೆಗೆ ಗಂಡುಗಳು. ಆರಕ್ಕೆ ಅಗಸೆಬಾಗಿಲು ಮುಚ್ಚುತ್ತದೆ. ನಡುವಿನ ಆ ಅರ್ಧ ತಾಸನ್ನು ನಮ್ಮೂರಿನವರು ಜೀವಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡು ಬಂದಿದ್ದಾರೆ. ಹೆಣ್ಣುಗಳು ಮನೆ ಸೇರಿರುತ್ತವೆ, ಗಂಡುಗಳು ಇನ್ನೂ ಬಂದಿರುವುದಿಲ್ಲ, ಬೀದಿ ಖಾಲಿ. ಮಂದಿ ಕಟ್ಟೆಗೆ ಬಂದು ಕೂಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಆ ಅರ್ಧ ತಾಸಿನಲ್ಲೇ, ಮುನಿಸಿಕೊಂಡ ಗಂಡಹೆಂಡಿರ ನ್ಯಾಯ ಆ ಅರ್ಧ ತಾಸಿನಲ್ಲೇ, ಮಿರ್ಚಿ ಭಜಿ ಕರಿಯುವುದೂ ಆಗಲೇ. ಯಾಕೆ ಅರ್ಧ ತಾಸು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ: ಹೆಣ್ಣು ಗಂಡು ಒಟ್ಟಿಗೆ ಬೀದಿಗೆ ಬಂದರೆ ಊರು ಉಳಿಯುವುದಿಲ್ಲ. ಬೆಳಿಗ್ಗೆ ಒಟ್ಟಿಗೇ ಹೋಗುತ್ತವಲ್ಲ ಎಂದರೆ, ಹೋಗುವುದು ಬೇರೆ, ಬರುವುದು ಬೇರೆ ಎನ್ನುತ್ತಾರೆ.

ಎರಡಕ್ಕೂ ಸಲ್ಲುವ ಪದಗಳು ಇಂಗ್ಲಿಷಿನಲ್ಲಿ ಇಲ್ಲವೆಂದಲ್ಲ. ಶೀಪ್ ಎಂದರೆ ಕುರಿಯೂ ಆಯಿತು ಟಗರೂ ಆಯಿತು. ಹಾರ್ಸ್, ಗೋಟ್, ಡಾಂಕಿ ಎಲ್ಲ ಹಾಗೆಯೇ. ನಮ್ಮಲ್ಲಿ ಇವಕ್ಕೆ ಒಟ್ಟು ಮಾತು ಎನ್ನುತ್ತಾರೆ. ಇವನ್ನು ಒಂದು ತಾಮ್ರದ ತಗಡಿನ ಮೇಲೆ ಕೊರೆಸಿ, ತಗಡನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ ಹುಡೇವಿನ ಮೇಲೆ ಇಟ್ಟಿದ್ದಾರೆ. ಬೆಂಕಿ ಬಿದ್ದರೆ ಅಥವಾ ಹೊಳೆ ಊರಿಗೆ ನುಗ್ಗಿದರೆ ಮಾತ್ರ ತೆಗೆಯಬೇಕು. ಪದಗಳು ಊರಿನ ಎಲ್ಲರಿಗೂ ಗೊತ್ತು, ಆದರೂ ಬೀಗ ಇದೆ. ಹುಡೇವಿನ ಮೇಲಿನಿಂದ ಕೂಗಿದರಷ್ಟೇ ಪ್ರಾಣಿಗಳು ಓಗೊಡುತ್ತವೆ ಎಂದು ಗೊತ್ತಿದ್ದರೂ ಕೆಳಗೆ ಕೂಡ ಯಾರೂ ಅವನ್ನು ಬಾಯಿಬಿಟ್ಟು ಆಡುವುದಿಲ್ಲ. ಸಂಜೆ ಶಾಲೆಯಲ್ಲಿ ಆ ಪಾಠ ಬಂದ ದಿನ ಫಿಲೋಮಿನಾ ಟೀಚರ್ ಕಿಟಕಿ ಮುಚ್ಚಿಸಿ, ಹಲಗೆಯ ಮೇಲೆ ಬರೆದು, ನಾವು ನೋಡಿದ ಕೂಡಲೇ ಒರೆಸಿದ್ದರು. ಕೊನೆಯ ಸಲ ಒಟ್ಟು ಮಾತು ಕೂಗಿದ್ದು ನಲವತ್ತೈದು ವರ್ಷದ ಹಿಂದೆ, ಹೊಳೆ ಬಂದಾಗ. ಆ ದಿನದ ಕತೆ ಸಮಿತಿಯ ಅಧ್ಯಕ್ಷರಾದ ಬಳೆಗಾರ ಚನಮಲ್ಲಪ್ಪನವರ ಬಾಯಲ್ಲಿ ಕೇಳಬೇಕು. ಅವರ ಅಂಗಡಿ ನಾಲ್ಕು ದಾರಿ ಕೂಡುವಲ್ಲಿ ಇದೆ. “ಹೋರಿ, ಆಕಳ, ಕುದರಿ ಎಲ್ಲಾ ಒಮ್ಮೆಲೆ ನುಗ್ಗಿ, ನಮ್ಮಜ್ಜನ ಅಂಗಡ್ಯಾಗ ಒಂದ್ ಬಳಿ ಉಳೀಲಿಲ್ಲ ನೋಡ್ರಿ. ನಮ್ಮಜ್ಜಿ ಆ ವರ್ಷ ಬರೀ ಕೈಲೆ ಹಬ್ಬ ಮಾಡಿದ್ಳು,” ಎಂದು ಅವರು ಹೇಳುವಾಗ ಕೇಳುವವರು ತಮ್ಮ ಕೈಬಳೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಹುಡೇವಿನ ಕೆಳಗಿನ ಗುಡಿಸಲಲ್ಲಿ ಬಸಲಿಂಗವ್ವ ಈಗಲೂ ಇದ್ದಾಳೆ. ಗಂಟಲು ಹೋಗಿದೆ, ಪಿಸುಮಾತು ಮಾತ್ರ ಉಳಿದಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮುದುಕಿ. ನಾನು ಹೆಣ್ಣುಗಳನ್ನು ಕೂಗಿ ಮುಗಿಸುವ ಹೊತ್ತಿಗೆ ಮೇಲಿನ ಮೆಟ್ಟಿಲ ಮೇಲೆ ಒಂದು ಲೋಟ ಚಹಾ ಇಟ್ಟು, ಬಸಿ ಮುಚ್ಚಿ ಇಳಿದು ಹೋಗುತ್ತಿದ್ದಳು. ನಲವತ್ಮೂರು ಮೆಟ್ಟಿಲು, ಆ ವಯಸ್ಸಿನಲ್ಲಿ. ನಾನು ಒಂದು ದಿನವೂ ಅದನ್ನು ಕುಡಿದಿರಲಿಲ್ಲ. ಅರ್ಧ ತಾಸು ಪೂರ್ತಿ ಗಂಡುಗಳ ಪದಗಳನ್ನು ನೋಟ್‌ಬುಕ್ಕಿನಲ್ಲಿ ನೋಡಿ ನೋಡಿ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಒಮ್ಮೆ ಗಂಡು ಬಾತುಗಳಿಗೆ ಡ್ರೇಕ್ ಎನ್ನುವಾಗ ಅನುಮಾನ ಬಂದು ದನಿ ಅರ್ಧಕ್ಕೇ ಇಳಿದಿತ್ತು. ಹದಿನಾಲ್ಕು ಬಾತುಗಳು ಅರ್ಧ ದಾರಿಗೆ ಬಂದು ನಿಂತು ನನ್ನ ಕಡೆ ಕತ್ತು ಓರೆ ಮಾಡಿದ್ದವು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಹೀಗಾಗಿ ಚಹಾ ಆರಿ, ಕೆನೆ ಕಟ್ಟಿ, ಕೊನೆಗೆ ಗೋಡೆಯ ಗುಬ್ಬಿಗಳ ಪಾಲಾಗುತ್ತಿತ್ತು.

ಹೀಗೆ ಆರು ತಿಂಗಳಿಗೆ ಐದೇ ದಿನ ಉಳಿದಿದ್ದಾಗ ಕುಂಬಾರ ಮಲಕಾಜಪ್ಪ ತನ್ನ ಕತ್ತೆಮರಿಯ ದಾರ ಕತ್ತರಿಸಿದ. ಮರಿಗಳ ಕಾಲಿಗೆ ಕೆಂಪು ದಾರ ಕಟ್ಟುವುದು, ಅವು ಬೆಳೆದಾಗ ಹುಡೇವಿನ ಮುಂದೆ ತಂದು ಆ ದಾರ ಕತ್ತರಿಸಿ, ಇನ್ನು ಮುಂದೆ ಯಾವ ಪದಕ್ಕೆ ಬರುತ್ತದೆ ಎಂದು ಕೂಗುವವರಿಗೆ ಹೇಳುವುದು ನಮ್ಮಲ್ಲಿ ಪದ್ಧತಿ. ಮಲಕಾಜಪ್ಪ ಒಂಟಿ ಮನುಷ್ಯ, ಮಾತು ಕಡಿಮೆ. ಮಣ್ಣು ಹೊರುವುದಕ್ಕೂ ಮಾತಾಡುವುದಕ್ಕೂ ಅವನಿಗೆ ಆ ಕತ್ತೆಯೊಂದೇ. ಅದರ ಬೂದು ಮೈ ಉಜ್ಜಿ, ಹಣೆಗೆ ಕುಂಕುಮ ಇಟ್ಟು ತಂದಿದ್ದ. “ಜೆನ್ನಿ ಅಂತ ಬರಕೋರಿ ಅಕ್ಕಾರ,” ಎಂದ. ಹೆಣ್ಣು ಕತ್ತೆಗೆ ಜೆನ್ನಿ, ಗಂಡು ಕತ್ತೆಗೆ ಜ್ಯಾಕ್. ನಾನು ಬರೆದುಕೊಂಡೆ. ಬರೆದದ್ದನ್ನು ಎರಡು ಸಲ ಓದಿ ಹೇಳಿದೆ. ಅವನು ಎರಡು ಸಲ ಹೂಂ ಅಂದ.

ಮರುದಿನ ಸಂಜೆ ಜೆನ್ನಿ ಎಂದು ಕೂಗಿದೆ. ಊರಿನ ಹೆಣ್ಣು ಕತ್ತೆಗಳೆಲ್ಲ ಬಂದವು. ಅದೊಂದು ಬರಲಿಲ್ಲ. ಹುಲ್ಲುಗಾವಲಿನ ನಡುವೆ ಒಂದು ಕಿವಿ ಪೂರ್ವಕ್ಕೆ, ಒಂದು ಕಿವಿ ಪಶ್ಚಿಮಕ್ಕೆ ಮಾಡಿ ನಿಂತಿತ್ತು. ತಪ್ಪು ನನ್ನದೇ ಇರಬೇಕು ಎಂದು ಒಂಬತ್ತು ಸಲ ಕೂಗಿದೆ. ಈಗಾಗಲೇ ಮನೆ ಸೇರಿದ್ದ ಕತ್ತೆಗಳು ಗೂಟ ಕಿತ್ತುಕೊಂಡು ಮತ್ತೆ ಮತ್ತೆ ಹುಡೇವಿನ ಬುಡಕ್ಕೆ ಬಂದವು. ಒಂದರ ಕೊರಳಲ್ಲಿ ಒಗೆದ ಸೀರೆಗಳ ಸಮೇತ ಹಗ್ಗವೇ ಇತ್ತು. ಐದೂವರೆಗೆ, ಇದ್ದರೂ ಇರಬಹುದೆಂದು ಜ್ಯಾಕ್ ಎಂದಾಗಲೂ ಬರಲಿಲ್ಲ. ಫೋಲ್ ಎಂದರೂ ಇಲ್ಲ. ದಾರ ಕತ್ತರಿಸಿದ ಮೇಲೆ ಆ ಪದವನ್ನು ಅವು ಮರೆತುಬಿಡುತ್ತವೆ. ಕೆಳಗೆ ಕಟ್ಟೆಯ ಮೇಲೆ ಕೂತವರಿಗೆ ಹಬ್ಬ. “ತುಳಜಕ್ಕಾ, ನಮ್ಮ ಸೊಸಿಗೂ ಹಂಗ ಒಂದ್ ಸಲ ಕೂಗ, ತವರಿಗೆ ಹೋದಾಕಿ ಬರವಲ್ಳು!” ಎಂದು ಯಾರೋ ಕೂಗಿದರು.

ನಗುವವರಿಗೆ ನಗು. ನನಗೂ ಮಲಕಾಜಪ್ಪನಿಗೂ ಗೊತ್ತಿದ್ದ ಸಂಗತಿ ಬೇರೆ. ಮೂರು ಸಂಜೆ ಕರೆಗೆ ಬಾರದ ಪ್ರಾಣಿ ಊರಿನದಲ್ಲ ಎಂಬುದು ನಮ್ಮ ಕಾಯಿದೆ. ನಾಲ್ಕನೇ ದಿನದಿಂದ ಅಗಸೆಬಾಗಿಲು ಅದಕ್ಕೆ ತೆರೆಯುವುದಿಲ್ಲ. ಹೊಳೆಯಾಚೆ ತೋಳಗಳಿವೆ. ಮಲಕಾಜಪ್ಪ ಕಂಬಳಿ, ಬೆಂಕಿಪೊಟ್ಟಣ, ಎರಡು ರೊಟ್ಟಿ ಹಿಡಿದು ಬಾಗಿಲು ಮುಚ್ಚುವ ಮೊದಲೇ ಹೊರಗೆ ಹೋದ. “ಅದು ಒಬ್ಬಂಟಿ ಅಕ್ಕೈತ್ರಿ,” ಅಂದ, ಅಷ್ಟೇ.

ಎರಡನೆಯ ದಿನ ಮಧ್ಯಾಹ್ನ ನಾನೇ ಹುಲ್ಲುಗಾವಲಿಗೆ ಹೋದೆ. ನೋಟ್‌ಬುಕ್ ಒಯ್ದಿದ್ದೆ, ಏನಕ್ಕೆಂದು ಗೊತ್ತಿಲ್ಲ. ಕತ್ತೆ ನನ್ನ ಸೆರಗು ಮೂಸಿ, ನೋಟ್‌ಬುಕ್ಕಿನ ಒಂದು ಮೂಲೆ ತಿಂದಿತು. ಮಲಕಾಜಪ್ಪ ಅದರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. “ನಾ ಜೆನ್ನಿ ಅಂತ ಹೇಳಿದ್ದ ತಪ್ಪಾತೇನ್ರಿ? ನೋಡಾಕ ಹಂಗ ಕಾಣತೈತಿ ಅಂತ ಹೇಳಿದ್ನಿ. ಅದನ್ನ ಕೇಳಿರಲಿಲ್ಲ,” ಎಂದ. ನಾನು ಹೇಳಿದೆ, “ನಿಮ್ಮದಲ್ಲರಿ, ನನ್ನ ಉಚ್ಚಾರಣಿನ ಸರಿ ಇಲ್ಲೇನೋ.” ಅವನು ತಲೆಯಾಡಿಸಿದ. “ಉಳದ ಕತ್ತಿ ಎಲ್ಲಾ ಬಂದ್ವಲ್ಲರಿ. ನಿಮ್ಮ ಬಾಯಿ ಸರಿ ಐತಿ. ಇದು ಆ ಕಡಿದೂ ಅಲ್ಲ, ಈ ಕಡಿದೂ ಅಲ್ಲ, ಅಷ್ಟ. ಮರಿ ಇದ್ದಾಗ ಎಷ್ಟ ಚಂದ ಓಡಿ ಬರ್ತಿತ್ತು.”

ಆ ಮಾತು ನನ್ನ ಹಿಂದೆಯೇ ಬಂತು. ಮರಿಯಿದ್ದಾಗ ಅದನ್ನು ಬರಿಯ ಕತ್ತೆಮರಿ ಎಂದು ಕರೆಯುತ್ತಿದ್ದೆವು, ಬರುತ್ತಿತ್ತು. ಈಗಲೂ ಬರಿಯ ಕತ್ತೆ ಎಂದು ಕರೆದರೆ ಬಂದೀತು. ಆದರೆ ಆ ಪದ ಪೆಟ್ಟಿಗೆಯಲ್ಲಿತ್ತು. ನಾನು ದಾರಿಯುದ್ದಕ್ಕೂ ಬೇರೆ ಉಪಾಯ ಹುಡುಕಿದೆ, ಒಂದೂ ಹೊಳೆಯಲಿಲ್ಲ. ಬಳೆ ಅಂಗಡಿಗೆ ಹೋಗಿ ಚನಮಲ್ಲಪ್ಪನವರಿಗೆ ಕೈ ಮುಗಿದು ವಿಷಯ ಹೇಳಿದೆ. ಅವರು ಬಳೆಯ ಗೊಂಚಲನ್ನು ಎದೆಗವಚಿಕೊಂಡೇ ಕೇಳಿದರು. “ತುಳಜವ್ವಾ, ನಿನ್ನ ಮ್ಯಾಲ ನನಗ ಭಾಳ ಗೌರವ ಐತಿ. ಆದ್ರ ಒಂದ್ ಕತ್ತಿ ಸಂಬಂಧ ಊರಾಗ ಒಟ್ಟ ಮಾತ ಕೂಗ್ತೀ ಅಂದ್ರ, ಸೋಮವಾರ ಖಾಯಂ ಮಾಡೂ ಕಾಗದಕ್ಕ ನಾ ಸಹಿ ಹಾಕೂದಿಲ್ಲ. ಹಾಕಾಕ ಬರೂದಿಲ್ಲ. ಕಾಯಿದೆ.” ಅವರು ಕೆಟ್ಟವರಲ್ಲ. ಹೊರಡುವಾಗ ನನ್ನ ಕೈಗೆ ಎರಡು ಹಸಿರು ಬಳೆ ತೊಡಿಸಿ ಕಳಿಸಿದರು.

ಆ ಸಂಜೆಯೂ ಕತ್ತೆ ಬರಲಿಲ್ಲ. ಸಂಜೆ ಶಾಲೆಗೆ ಹೋದೆ. ಪಾಠ ಮುಗಿದ ಮೇಲೆ ಫಿಲೋಮಿನಾ ಟೀಚರ್ ಹತ್ತಿರ ಉಳಿದು, “ಟೀಚರ್, ಆ ಪದ ನಾ ಕಣ್ಣಿಲೆ ನೋಡೇನಿ, ಕಿವಿಲೆ ಕೇಳಿಲ್ಲ. ಹೆಂಗ ಹೇಳೂದ್ರಿ?” ಎಂದೆ. ಅವರಿಗೆ ಎಪ್ಪತ್ತಾಗಿದೆ, ಕನ್ನಡಕ ಮೂಗಿನ ತುದಿಯಲ್ಲಿ. ಎದ್ದು ಕಿಟಕಿ ಮುಚ್ಚಿದರು. ಬಾಗಿಲೂ ಮುಚ್ಚಿದರು. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು. ಹೇಳಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಗೊರಸಿನ ಸದ್ದು ಬರುತ್ತದೆಯೋ ಎಂದು ಕಾದೆವು. ಬರಲಿಲ್ಲ. ಟೀಚರ್ ಇದ್ದಕ್ಕಿದ್ದಂತೆ ಬಾಯಿಗೆ ಸೆರಗು ಒತ್ತಿ ನಗತೊಡಗಿದರು. “ನಲವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಈ ಪದ ಬಾಯಿಬಿಟ್ಟು ಹೇಳಿದ್ದು ಇವತ್ತೇ ಮೊದಲು ಕಣೇ. ಎಷ್ಟು ಚೆನ್ನಾಗಿದೆ ಹೇಳೋದಕ್ಕೆ!” ಎಂದರು.

ಮೂರನೆಯ ದಿನ ಶನಿವಾರ. ಬೆಳಿಗ್ಗೆಯೇ ಕೂತು ರಾಜೀನಾಮೆ ಬರೆದೆ. ನಾಲ್ಕು ಪ್ರತಿ ಹಾಳಾದವು, ಐದನೆಯದು ನಿಂತಿತು. ಆಮೇಲೆ ಯೋಚಿಸಿದೆ: ತಪ್ಪು ಮಾಡುವುದೇ ನಿಜವಾದರೆ, ಯಾರಿಗೂ ತೊಂದರೆಯಾಗದಂತೆ ಮಾಡಬೇಕು. ಕತ್ತೆಗಳು ಮನೆ ಸೇರಿದ ಮೇಲೆ ಕೂಗಿದರೆ ಮೊನ್ನೆಯ ಹಾಗೆ ಗೂಟ ಕಿತ್ತು ಬರುತ್ತವೆ. ಅದಕ್ಕೇ ಐದಕ್ಕೆ ಎಲ್ಲಕ್ಕಿಂತ ಮೊದಲು, ಎಲ್ಲವೂ ಹೊರಗಿರುವಾಗಲೇ ಕೂಗುವುದು. ಚೀಟಿ ಬರೆದೆ. “ದಯವಿಟ್ಟು ಗಮನಿಸಿ. ಇಂದು ಐದು ಗಂಟೆಗೆ ಹೇಳಬಾರದ ಒಂದು ಮಾತು ಹೇಳಲಿದ್ದೇನೆ. ಗಾಜು, ಗಡಿಗೆ, ಸಣ್ಣ ಮಕ್ಕಳನ್ನು ಒಳಗೆ ಇಟ್ಟುಕೊಳ್ಳಿ. ತೊಂದರೆಗೆ ಕ್ಷಮೆ ಇರಲಿ. ಇಂತಿ, ತುಳಜವ್ವ, ತಾತ್ಕಾಲಿಕ.” ಅರವತ್ತು ಚೀಟಿ. ಮನೆಮನೆಗೆ ನಾನೇ ಹೋಗಿ ಕೊಟ್ಟೆ. ಓದು ಬಾರದವರಿಗೆ ಓದಿ ಹೇಳಿದೆ. ಒಬ್ಬ ಮುದುಕ, “ನನ್ನ ಜಲ್ಮದಾಗ ಯಾರೂ ಹಿಂಗ ಮುಂಚೆ ಹೇಳಿ ತಪ್ಪ ಮಾಡಿದ್ದಿಲ್ಲ ಬಿಡವಾ,” ಎಂದು ಚೀಟಿಯನ್ನು ಪೇಟದಲ್ಲಿ ಸಿಕ್ಕಿಸಿಕೊಂಡ. ಕೊನೆಯ ಚೀಟಿ ಬಳೆ ಅಂಗಡಿಗೆ. ಚನಮಲ್ಲಪ್ಪನವರು ಓದಿ, ಬಳೆಗಳನ್ನು ದುಪ್ಪಟಿಯಲ್ಲಿ ಸುತ್ತತೊಡಗಿದರು. ನಾನೂ ಕೂತು ಒಂದಷ್ಟು ಸುತ್ತಿಕೊಟ್ಟೆ.

ಐದಕ್ಕೆ ಹತ್ತು ನಿಮಿಷವಿದ್ದಾಗ ಮೆಟ್ಟಿಲು ಹತ್ತಿದೆ. ಕೆಳಗೆ ನೋಡಿದರೆ ಊರಿನ ಬಾಗಿಲುಗಳೆಲ್ಲ ಮುಚ್ಚಿವೆ, ಮಂದಿಯೆಲ್ಲ ಮಾಳಿಗೆಯ ಮೇಲೆ. ಶೇಂಗಾ ಹುರಿದುಕೊಂಡು ಬಂದಿದ್ದಾರೆ. ಬಸಲಿಂಗವ್ವ ಮಾತ್ರ ಗುಡಿಸಲ ಮುಂದೆ ಒಲೆ ಊದುತ್ತಿದ್ದಳು. ಚನಮಲ್ಲಪ್ಪನವರು ಮುಚ್ಚಿದ ಅಂಗಡಿಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದರು, ಇಡೀ ಹಿಂಡನ್ನು ಒಬ್ಬರೇ ತಡೆಯುವವರ ಹಾಗೆ. ದೂರದಲ್ಲಿ ಹುಲ್ಲುಗಾವಲು, ಅದರ ನಡುವೆ ಆ ಬೂದು ಕತ್ತೆ, ಪಕ್ಕದಲ್ಲಿ ಮಲಕಾಜಪ್ಪ. ಪೆಟ್ಟಿಗೆಯ ಬೀಗ ನಾನು ಮುಟ್ಟಲಿಲ್ಲ. ಬೀಗ ಒಡೆದರೆ ಅದೊಂದು ಬೇರೆ ತಪ್ಪು.

ಬಾಯಿ ತೆರೆದೆ. ಕೆಮ್ಮು ಬಂತು. ಮಾಳಿಗೆಯ ಮೇಲೆ ಯಾರೋ ಕಿಸಕ್ಕೆಂದರು. ಗಂಟಲು ಒಣಗಿ ಬೂದಿಯಾಗಿತ್ತು. ಉಚ್ಚಾರಣೆ ತಪ್ಪಿದರೆ? ಸರಿಯಾಗಿಯೇ ಹೇಳಿ, ಆದರೂ ಅದು ಬಾರದಿದ್ದರೆ? ಕೆಲಸವೂ ಹೋಯಿತು, ಕತ್ತೆಯೂ ಹೋಯಿತು. ಹುಲ್ಲುಗಾವಲಿನಲ್ಲಿ ಮಲಕಾಜಪ್ಪ ಕತ್ತೆಯ ಬೆನ್ನಿನಿಂದ ಕೈ ತೆಗೆದು ಎರಡು ಹೆಜ್ಜೆ ದೂರ ಸರಿದು ನಿಂತ, ಅದಕ್ಕೆ ದಾರಿ ಬಿಟ್ಟವನ ಹಾಗೆ. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. “ಡಾಂಕಿ!” ಎಂದೆ.

ಎರಡು ದಿಕ್ಕಿಗಿದ್ದ ಅದರ ಕಿವಿಗಳು ಎರಡೂ ಒಟ್ಟಿಗೆ ನನ್ನ ಕಡೆ ತಿರುಗಿದವು. ಆಮೇಲೆ ಅದು ಓಡಿತು. ಕತ್ತೆ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಕುಣಿಯುತ್ತ, ಹಿಂಗಾಲು ಝಾಡಿಸುತ್ತ, ಮರಿಯಿದ್ದಾಗ ಬರುತ್ತಿದ್ದಂತೆಯೇ. ಅದರ ಹಿಂದೆ ಮಲಕಾಜಪ್ಪ, ಕಂಬಳಿ ಹಾರಿಸುತ್ತ. ಅವನ ಹಿಂದೆ ಊರಿನ ಉಳಿದ ಇಪ್ಪತ್ತೈದು ಕತ್ತೆಗಳು, ಜೆನ್ನಿಗಳೂ ಜ್ಯಾಕ್‌ಗಳೂ, ನಲವತ್ತೈದು ವರ್ಷದಲ್ಲಿ ಮೊದಲ ಸಲ ಒಟ್ಟಿಗೆ ಅಗಸೆಬಾಗಿಲು ದಾಟಿ ಒಳಗೆ ಬಂದವು.

ಮಾಳಿಗೆಗಳ ಮೇಲೆ ಶೇಂಗಾ ಸುಲಿಯುವ ಕೈಗಳು ನಿಂತವು. ಕತ್ತೆಗಳು ನಾಲ್ಕು ದಾರಿ ಕೂಡುವಲ್ಲಿಗೆ ಬಂದವು. ಚನಮಲ್ಲಪ್ಪನವರು ಕಣ್ಣು ಮುಚ್ಚಿದರು. ಒಂದು ಕತ್ತೆ ಅವರ ಚಾಚಿದ ಕೈಯನ್ನು ಮೂಸಿತು. ಇನ್ನೊಂದು ಯಾರೋ ಗೋಡೆಗೆ ಅಂಟಿಸಿದ್ದ ನನ್ನ ಚೀಟಿಯನ್ನು ಕಿತ್ತು ಸಾವಕಾಶವಾಗಿ ತಿಂದಿತು. ಒಂದು ಮುದಿ ಜ್ಯಾಕ್ ತನ್ನ ಪಕ್ಕದ ಮುದಿ ಜೆನ್ನಿಯನ್ನು ನೋಡಿತು, ಜೆನ್ನಿಯೂ ನೋಡಿತು, ಎರಡೂ ಆಕಳಿಸಿದವು. ಆಮೇಲೆ ಎಲ್ಲವೂ ಹುಡೇವಿನ ಸುತ್ತ ಒಂದು ಸುತ್ತು ಬಂದು, ತಂತಮ್ಮ ಓಣಿ ಹಿಡಿದು ಮನೆಗೆ ಹೋದವು. ಅಷ್ಟೇ.

ಮಾಳಿಗೆಯ ಮೇಲಿಂದ ಒಂದು ಹುಡುಗಿಯ ದನಿ ಕೇಳಿತು: “ಇಷ್ಟ ಏನ?” “ಇಷ್ಟ ಏನ!” ಎಂದು ಇನ್ನೊಂದು ಮಾಳಿಗೆ. ಶೇಂಗಾ ತಂದವರಿಗೆ ಸಿಟ್ಟೇ ಬಂತು. “ಮಧ್ಯಾಹ್ನದಿಂದ ಗಡಿಗಿ ಹೊತ್ತ ಮ್ಯಾಲೆ ತಂದೀವಿ, ಏನಾರ ಒಂದ್ ಒಡೀಬಾರದೇನ?” ಎಂದು ಒಬ್ಬಾಕೆ ಗೊಣಗಿದಳು.

ಉಳಿದವನ್ನೆಲ್ಲ ಎಂದಿನಂತೆ ಕರೆದು ಮುಗಿಸಿ, ಆರಕ್ಕೆ ಕೆಳಗಿಳಿದು ಬಂದೆ. ರಾಜೀನಾಮೆಯನ್ನು ಚನಮಲ್ಲಪ್ಪನವರ ಕೈಗೆ ಕೊಟ್ಟೆ. ಅವರು ಅದನ್ನು ಓದಲಿಲ್ಲ. ಅಂಗಡಿಯ ಬಾಗಿಲು ತೆರೆದು ದುಪ್ಪಟಿಗಳನ್ನು ಬಿಚ್ಚಿ ನೋಡುತ್ತಿದ್ದರು. “ಒಂದೂ ಒಡದಿಲ್ಲ,” ಎಂದರು, ಯಾರೋ ಮೋಸ ಮಾಡಿದಂತೆ. “ಹಂಗಾರ ನಮ್ಮಜ್ಜನ ಬಳಿ ಹೆಂಗ ಒಡದ್ವು?” ಆಗ ಬಸಲಿಂಗವ್ವ ಕಟ್ಟೆಯ ಮೇಲಿಂದ ಪಿಸುಗುಟ್ಟಿದಳು. ಎಲ್ಲರೂ ಬಾಗಿ ಕೇಳಬೇಕಾಯಿತು. “ಹೊಳಿ ಬಂದಿತ್ತಲ್ಲೋ ತಮ್ಮಾ. ಎದಿಮಟ ನೀರು. ಬಳಿ ಒಡದದ್ದು ನೀರಿಗೆ. ನಮ್ಮತ್ತಿ ಒಟ್ಟ ಮಾತ ಕೂಗಿದ್ಳು, ನಾ ಬಾಜೂಕ ನಿಂತಿದ್ನಿ. ದನಾ ಎಲ್ಲಾ ಒಟ್ಟಿಗೆ ಬಂದ್ವು, ಒಟ್ಟಿಗೆ ಗುಡ್ಡಾ ಹತ್ತಿದ್ವು. ಒಂದಕ್ಕೊಂದು ಕೊಂಬೂ ತಾಗಿಸಲಿಲ್ಲ.” ಚನಮಲ್ಲಪ್ಪನವರು, “ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲಬೇ?” ಎಂದರು. “ಕೇಳಿದವರ ಯಾರು? ನೀ ಹೇಳೂ ಕತಿ ಚಂದ ಇತ್ತು, ನಾನೂ ಕೇಳ್ತಿದ್ನಿ.”

ನನಗೆ ಅಳು ಬಂದಂತಾಯಿತು, ನಗುವೂ ಬಂತು. “ಅವ್ವಾ, ನನಗಾರ ಹೇಳಬಾರದಿತ್ತೇನ? ಮೂರ ದಿನಾ ಸತ್ತ ಹೋದ್ನಿ.” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೇಳಿದ್ರ ನಂಬಾಕಿ ನೀನು? ಹಚ್ಚಿದ ಗುಂಡಿ ಮೂರ ಸಲ ಎಳದ ನೋಡಾಕಿ.” ನಾನು, “ಹಂಗಾರ ನಡುವಿನ ಅರ್ಧ ತಾಸು ಯಾಕವಾ? ಹೆಣ್ಣು ಗಂಡು ಒಟ್ಟಿಗೆ ಬರಬಾರದಂತಲ್ಲ?” ಎಂದೆ. ಬಸಲಿಂಗವ್ವ ಬೊಚ್ಚುಬಾಯಿ ತೆರೆದು ನಕ್ಕಳು. “ಅಷ್ಟೂ ಪದ ಒಂದ ಉಸರಿಗೆ ಕೂಗಿದ್ರ ನಮ್ಮತ್ತಿಗೆ ಗಂಟಲ ಒಣಗತಿತ್ತು. ಅರ್ಧಾ ಕೂಗಿ ಚಾ ಕುಡಿಯಾಕ ಕೂಡತಿದ್ಳು. ಅದ ಅರ್ಧ ತಾಸು. ನಾನೂ ಹಂಗ ಮಾಡಿದ್ನಿ. ನಿನಗೂ ದಿನಾ ತಂದ ಇಡ್ತೀನಿ, ನೀ ಗುಬ್ಬಿಗೆ ಕುಡಸ್ತೀ.”

ಸೋಮವಾರ ಸಮಿತಿ ಕೂಡಿತು. ಕಾರಣವೇ ಇಲ್ಲದ ಅರ್ಧ ತಾಸನ್ನು ಇನ್ನು ತೆಗೆದುಬಿಡುವುದೇ ಎಂದು ಒಬ್ಬರು ಕೇಳಿದ್ದಕ್ಕೆ ಊರೇ ಎದ್ದು ನಿಂತಿತು. ಭಜಿ ಕರಿಯುವವಳು ಎಣ್ಣೆ ಬಸಿಯುವ ಝಾರಿ ಸೌಟು ಹಿಡಿದೇ ಬಂದಿದ್ದಳು. ಅರ್ಧ ತಾಸು ಉಳಿಯಿತು. ಐದು ಗಂಟೆಗೆ ಮೊದಲ ಕೂಗು ಡಾಂಕಿ, ಕತ್ತೆಗಳೆಲ್ಲ ಒಟ್ಟಿಗೆ ಬರಲಿ, ಉಳಿದವು ಎಂದಿನಂತೆ ಎಂದು ಗೊತ್ತಾಯಿತು. ಚನಮಲ್ಲಪ್ಪನವರು ನನ್ನ ರಾಜೀನಾಮೆಯನ್ನು ಬಳೆ ಸುತ್ತುವುದಕ್ಕೆ ಬಳಸಿಬಿಟ್ಟೆನೆಂದು ಹೇಳಿ, ಖಾಯಂ ಕಾಗದಕ್ಕೆ ಸಹಿ ಹಾಕಿದರು. ಅವರ ಮುಖ ಮಾತ್ರ ಸಪ್ಪಗಿತ್ತು. ಅಜ್ಜನ ಕತೆ ಹೋಯಿತಲ್ಲ. ಈಗೀಗ ಅವರು ಹೊಸದೊಂದನ್ನು ಶುರು ಮಾಡಿದ್ದಾರೆ. ಅದರಲ್ಲಿ ಇಪ್ಪತ್ತಾರು ಕತ್ತೆಗಳು ಬರುತ್ತವೆ, ಅವರು ಒಬ್ಬರೇ ಕೈ ಚಾಚಿ ನಿಲ್ಲುತ್ತಾರೆ.

ಆ ವಾರ ಒಂದು ಮಧ್ಯಾಹ್ನ ಹುಡೇವಿನ ಬುಡಕ್ಕೆ ದ್ಯಾ‍ಮಕ್ಕ ಎಂಬಾಕೆ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಬಂದಳು. ಆಚೀಚೆ ನೋಡಿ ಬಟ್ಟೆ ಸರಿಸಿದಳು. ಒಳಗೆ ಒಂದು ದಪ್ಪ ಬಿಳಿ ಹೆಬ್ಬಾತು. “ಅಕ್ಕಾ, ಇದೂ ನಿಮ್ಮ ಕತ್ತಿ ಹಂಗ. ಯಾ ಕೂಗಿಗೂ ಬರೂದಿಲ್ಲ. ಮಂದಿ ನಗ್ತಾರಂತ ಎರಡ ವರ್ಷದಿಂದ ಬುಟ್ಟಿಯೊಳಗ ಮುಚ್ಚಿಕೊಂಡ ತರಾಕತ್ತೇನಿ. ಭಾಳ ವಜ್ಜಾ ಐತ್ರಿ,” ಎಂದಳು. ಅದಾದ ಮೇಲೆ ಒಬ್ಬ ಮೇಕೆಯವನು ಬಂದ, ಇನ್ನೊಬ್ಬ ಕುದುರೆಯವನು ಬಂದ. ಅವರು ತಮ್ಮವನ್ನು ಹೊರಗೇ ಬಿಡದೆ ಕೊಟ್ಟಿಗೆಯಲ್ಲೇ ಸಾಕಿಕೊಂಡಿದ್ದರು. ಎಲ್ಲರೂ ತಮ್ಮದೊಂದೇ ಹೀಗೆ ಎಂದುಕೊಂಡಿದ್ದರು. ನಾನು ಎಲ್ಲವನ್ನೂ ಬರೆದುಕೊಂಡು, ಎರಡು ಸಲ ಓದಿ ಹೇಳಿ, ಸಮಿತಿಯ ಮುಂದೆ ಇಟ್ಟೆ. ಪೆಟ್ಟಿಗೆಯ ಬೀಗಕ್ಕೆ ಈಗ ಎಣ್ಣೆ ಹಾಕಿದ್ದಾರೆ, ದಿನಾ ತೆಗೆಯಬೇಕಾದೀತೆಂದು.

ಖಾಯಮಾದ ಮೊದಲ ಸಂಜೆ ಹೆಣ್ಣುಗಳ ಕೂಗು ಮುಗಿಸಿ ತಿರುಗಿದರೆ ಮೆಟ್ಟಿಲ ಮೇಲೆ ಲೋಟ ಇತ್ತು. ನೋಟ್‌ಬುಕ್ ತೆರೆಯಲು ಹೋದ ಕೈ ಅಲ್ಲೇ ನಿಂತಿತು. ಕೂತೆ. ಬಸಿ ತೆಗೆದೆ. ಶುಂಠಿ ಹಾಕಿದ್ದಳು, ಬೆಲ್ಲ ಹೆಚ್ಚಾಗಿತ್ತು, ನಾಲಗೆ ಸುಟ್ಟಿತು. ಇಷ್ಟು ದಿನ ಗುಬ್ಬಿಗಳಿಗೆ ಇಂಥದ್ದು ಸಿಗುತ್ತಿತ್ತು ಎಂದು ತಿಳಿದಿರಲಿಲ್ಲ. ಕೆಳಗೆ ಮಲಕಾಜಪ್ಪ ಹೊಸ ಗಡಿಗೆಗಳನ್ನು ಆ ಬೂದು ಕತ್ತೆಯ ಬೆನ್ನಿಗೆ ಹೇರಿಕೊಂಡು, ಅದರೊಂದಿಗೆ ಏನೋ ಮಾತಾಡುತ್ತ ಸಾಗಿದ್ದ. ಅರ್ಧ ದಾರಿಯಲ್ಲಿ ಅದು ನಿಂತು ಮೇಲೆ ನೋಡಿತು. ನಾನು ಲೋಟ ಎತ್ತಿ ತೋರಿಸಿದೆ. ಗಡಿಯಾರ ಐದೂವರೆ ಹೊಡೆಯಿತು. ಹುಲ್ಲುಗಾವಲಿನಲ್ಲಿ ಹೋರಿಗಳು, ಟಗರುಗಳು, ಹದಿನಾಲ್ಕು ಗಂಡು ಬಾತುಗಳು ನನ್ನ ಕಡೆ ಕತ್ತು ಓರೆ ಮಾಡಿ ನಿಂತಿದ್ದವು. ಲೋಟದಲ್ಲಿ ಇನ್ನೂ ಎರಡು ಗುಟುಕು ಉಳಿದಿತ್ತು. ಅವು ಕಾದವು. ನಾನು ಕುಡಿದು ಮುಗಿಸಿದೆ.